ಮಗಳಿಗೊಂದು ಪತ್ರ: ಡ್ರಾಪ್ ಮಾಡೋ ಮುಂಚೆ ಕೇಳು

ಪುಟ್ಟಿ,

ನಿನ್ನೆ ಫೋನಲ್ಲಿ "ಒಂದು ಕೋರ್ಸ್ ಡ್ರಾಪ್ ಮಾಡ್ಬಿಡ್ತೀನಿ ಅಮ್ಮ, ಯಾರ ಹತ್ರಾನೂ ಹೋಗಿ ಕೇಳೋದು ಬೇಡ" ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ದಯವಿಟ್ಟು ಇವತ್ತು ಏನೂ ಡ್ರಾಪ್ ಮಾಡಬೇಡ. ಮೊದಲು ಇದನ್ನು ಪೂರ್ತಿ ಓದು.

ಅಪೆಂಡಿಕ್ಸ್ ಆಪರೇಷನ್ ಆಗಿ ಇನ್ನೂ ಹದಿನೆಂಟು ದಿನ. ಅದರ ಮೇಲೆ ಇನ್ಫೆಕ್ಷನ್ ಬೇರೆ ಆಯಿತು. ಅರ್ಧ ಗಂಟೆ ಕೂತರೆ ಹೊಲಿಗೆ ಹಾಕಿದ ಜಾಗ ನೋಯುತ್ತದೆ ಅನ್ನುವ ಹುಡುಗಿ ಮೂರು ಗಂಟೆ ಪರೀಕ್ಷೆ ಹೇಗೆ ಬರೆಯುತ್ತಾಳೆ? ನಿಮ್ಮಪ್ಪ ನನಗೆ ಹೇಳದೆ ಮೊನ್ನೆ ರಾತ್ರಿ ಎಂಟೂವರೆಗೆ, ಅಲ್ಲಿ ಬೆಳಿಗ್ಗೆ ಆಗಿರುತ್ತೆ ಅಂತ ಲೆಕ್ಕ ಹಾಕಿ, ನಿಮ್ಮ ಯೂನಿವರ್ಸಿಟಿಗೇ ಫೋನ್ ಮಾಡಿದ್ದರು. ಅವರು ತುಂಬ ಮರ್ಯಾದೆಯಿಂದ ಮಾತಾಡಿದರಂತೆ, ಆದರೆ ನಿನ್ನ ಬಗ್ಗೆ ಒಂದು ಮಾತೂ ಹೇಳಲಿಲ್ಲವಂತೆ. ಆಮೇಲೆ ಗೊತ್ತಾಯಿತು, ಅಮೆರಿಕದಲ್ಲಿ ಅದಕ್ಕೆ 1974ರ ಕಾಯ್ದೆಯೇ ಇದೆ, ಫರ್ಪಾ ಅಂತ. ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕೆಲ್ಲ ವಿದ್ಯಾರ್ಥಿಯದೇ, ಅಪ್ಪ ಅಮ್ಮನದಲ್ಲ. ಪಿಯುಸಿಯಲ್ಲಿ ನಿನ್ನ ಒಂದೊಂದು ಟೆಸ್ಟಿಗೂ ನಾನು ಹೋಗಿ ಲೆಕ್ಚರರ್ ಹತ್ತಿರ ಮಾತಾಡಿ ಬರುತ್ತಿದ್ದೆ, ಅಲ್ಲಿ ಅದಾಗೋದಿಲ್ಲ. ನೀನೇ ಕೇಳಬೇಕು ಕಣೇ.

ಮೊದಲು ಡಿಎಸ್‌ಒಗೆ ಬರಿ, ಅದೇ, ನಿಮ್ಮ ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿಗೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಸುಮ್ನೆ ಕೋರ್ಸ್ ಬಿಡುವ ಹಾಗಿಲ್ಲ. ನಿನ್ನ ಒಂಬತ್ತು ಕ್ರೆಡಿಟ್ ಆರಾದರೆ ಫುಲ್ ಟೈಮ್ ಅನ್ನಿಸಿಕೊಳ್ಳೋದಿಲ್ಲ, ವೀಸಾ ಸ್ಟೇಟಸ್ಸೇ ಹೋಗಬಹುದು, ಆಮೇಲೆ ಓದಿಗೆ ಸಂಬಂಧಪಟ್ಟ ಕೆಲಸ ಅಲ್ಲೇ ಸ್ವಲ್ಪ ಕಾಲ ಮಾಡಲು ಕೊಡುವ ಅನುಮತಿ, ಆ ಓಪಿಟಿಗೂ ಅದೇ ತೊಂದರೆ. ಆದರೆ ಕಾಯಿಲೆಯಾದವರಿಗೆ ಕ್ರೆಡಿಟ್ ಕಡಿಮೆ ಮಾಡಿಕೊಳ್ಳಲು ನಿಯಮದಲ್ಲೇ ದಾರಿ ಇದೆ. ಒಂದು ಡಿಗ್ರಿಯ ಮಟ್ಟಕ್ಕೆ ಒಟ್ಟು 12 ತಿಂಗಳವರೆಗೆ ಕೊಡಬಹುದು, ಪ್ರತಿ ಸೆಮಿಸ್ಟರ್‌ಗೂ ಹೊಸದಾಗಿ ಕೇಳಬೇಕು. ಮುಖ್ಯವಾದ ಮಾತು ಇದು: ಡಿಎಸ್‌ಒ ಸೆವಿಸ್‌ನಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಕಂಪ್ಯೂಟರ್ ದಾಖಲೆಯಲ್ಲಿ, ಒಪ್ಪಿಗೆ ಹಾಕಿದ ಮೇಲೆ ನೀನು ಡ್ರಾಪ್ ಮಾಡಬೇಕು, ಮಾಡಿ ಆಮೇಲೆ ಹೇಳಿದರೆ ಆಗೋದಿಲ್ಲ. ಪತ್ರ ಡಾಕ್ಟರದ್ದೇ ಬೇಕು. ಹೊಲಿಗೆ ನೋಡಲು ಹೋದಾಗ ನರ್ಸ್ ಪ್ರಾಕ್ಟಿಷನರ್ ನೋಡಿದರು ಅಂದಿದ್ದೆ, ಅವರು ಹೆಚ್ಚಿನ ತರಬೇತಿ ಪಡೆದ ನರ್ಸ್, ಡಾಕ್ಟರ್ ಅಲ್ಲ, ಅವರ ಸಹಿ ಈ ಕೆಲಸಕ್ಕೆ ಸಾಲದು. ಆಪರೇಷನ್ ಮಾಡಿದವರ ಹತ್ತಿರವೇ ಬರೆಸಿಕೋ.

ಆದರೆ ನನ್ನನ್ನು ಕೇಳಿದರೆ ಡ್ರಾಪ್ ಮಾಡುವ ಅಗತ್ಯವೇ ಬರದೆ ಇರಬಹುದು. ಅಂಗವಿಕಲ ವಿದ್ಯಾರ್ಥಿಗಳ ಆಫೀಸು ಅಂದ ಕೂಡಲೇ "ನಾನೇನು ಅಂಗವಿಕಲೆನಾ" ಅಂದೆ. ಹಾಗೆ ಅಂದುಕೊಳ್ಳಬೇಡ ಪುಟ್ಟಿ. ಅಂಗವಿಕಲರ ಹಕ್ಕಿಗಾಗಿ ಅಮೆರಿಕದಲ್ಲಿ ಮಾಡಿದ 1973ರ ಮತ್ತು 1990ರ ಕಾನೂನುಗಳ ಕಾರಣಕ್ಕೆ ಆ ಆಫೀಸುಗಳು ಇವೆ, ಕೈ ಮುರಿದವರಿಗೆ, ಆಪರೇಷನ್ ಆದವರಿಗೆ ಸ್ವಲ್ಪ ಕಾಲದ ಮಟ್ಟಿಗೆ ಸಹಾಯ ಮಾಡುವ ಕಡೆಗಳು ಬೇಕಾದಷ್ಟಿವೆ. ಪರೀಕ್ಷೆ ಮಧ್ಯೆ ಎದ್ದು ಓಡಾಡಲು ಬಿಡುವು, ಜಾಸ್ತಿ ಸಮಯ, ಲೆಕ್ಚರ್ ರೆಕಾರ್ಡಿಂಗ್, ಹೀಗೆ. ಪ್ರೊಫೆಸರ್‌ಗೆ ಹೋಗುವ ಪತ್ರದಲ್ಲಿ ಸಾಮಾನ್ಯವಾಗಿ ನಿನ್ನ ಕಾಯಿಲೆ ಏನು ಅಂತ ಇರುವುದಿಲ್ಲ, ಏನು ಅನುಕೂಲ ಮಾಡಿಕೊಡಬೇಕು ಅಂತಷ್ಟೇ ಇರುತ್ತದೆ. ಆದರೆ ಆಗಿಹೋದ ಟೆಸ್ಟಿಗೆ ಸಾಮಾನ್ಯವಾಗಿ ಇದು ಅನ್ವಯ ಆಗೋದಿಲ್ಲ. ಅದಕ್ಕೇ ನಾನು ಇಷ್ಟು ಅವಸರ ಮಾಡುತ್ತಿರುವುದು.

ಪ್ರಾಜೆಕ್ಟ್ ಕೋರ್ಸಿನಲ್ಲಿ ಮುಕ್ಕಾಲು ಕೆಲಸ ಮುಗಿದಿದೆ ಅಲ್ವಾ, ಅಲ್ಲಿ "ಇನ್‌ಕಂಪ್ಲೀಟ್" ಕೊಡುತ್ತೀರಾ ಅಂತ ಕೇಳು, ಅಂದರೆ ಗ್ರೇಡ್ ಈಗ ಬಾಕಿ ಇಟ್ಟು ಉಳಿದ ಕೆಲಸ ಆಮೇಲೆ ಮುಗಿಸೋದು. ಉಳಿದದ್ದನ್ನು ಯಾವ ತಾರೀಖಿನೊಳಗೆ ಮುಗಿಸಬೇಕು ಅನ್ನೋದನ್ನು ಬರಹದಲ್ಲಿ ತೆಗೆದುಕೋ. ಮುಗಿಸದಿದ್ದರೆ ಅದು ಎಫ್, ಅಂದರೆ ಫೇಲ್ ಆಗಿಬಿಡುವ ಕಡೆಗಳೂ ಇವೆ.

ನನ್ನ ವಿಷಯ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. 1994ರಲ್ಲಿ ಬಿಕಾಂ ಎರಡನೇ ವರ್ಷ ನನಗೆ ಕಾಮಾಲೆ ಆಯಿತು. ಮೂರು ವಾರ ಮಜ್ಜಿಗೆ ಅನ್ನ, ನಾಟಿ ಔಷಧಿ. ಕಾಲೇಜಿಗೆ ಒಂದು ಮಾತು ಹೇಳಿ ಕಳಿಸಬೇಕು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಕೇಳಲು ನಾಚಿಕೆ. ವಾಪಸ್ ಹೋದಾಗ ಅಟೆಂಡೆನ್ಸ್ ಶಾರ್ಟೇಜ್, ಹಾಲ್ ಟಿಕೆಟ್ ಇಲ್ಲ. ನನ್ನ ಕಣ್ಣು ಇನ್ನೂ ಹಳದಿಯಾಗಿತ್ತು, ಆಫೀಸಿನವರಿಗೂ ಅದು ಕಾಣುತ್ತಿತ್ತು, ಆದರೆ ನಾಟಿ ಔಷಧಿಗೆ ಸರ್ಟಿಫಿಕೇಟ್ ಎಲ್ಲಿಂದ ತರಲಿ? ಒಂದು ವರ್ಷ ಹೋಯಿತು. ನನ್ನ ಗೆಳತಿಯರು ಫೈನಲ್ ಇಯರ್ ಕ್ಲಾಸಿಗೆ ಹೋಗುವಾಗ ನಾನು ಕೆಳಗಿನ ಕೋಣೆಯಲ್ಲಿ ಕೂತಿರುತ್ತಿದ್ದೆ. ಆ ವರ್ಷದ ಬಗ್ಗೆ ಈಗ ಮಾತಾಡಿದರೂ ನನಗೆ ಗಂಟಲು ಕಟ್ಟುತ್ತದೆ.

ಮೇಲ್ ಉದ್ದ ಬರೆಯಬೇಡ. ಯಾವ ದಿನ ಆಪರೇಷನ್ ಆಯಿತು, ಈಗ ಏನು ಮಾಡಲು ಆಗುತ್ತಿಲ್ಲ, ಏನು ಬೇಕು, ಇಷ್ಟು ಸಾಕು. "ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ" ಅಂತ ನಾಲ್ಕು ಸಲ ಬರೆಯುತ್ತೀಯ ನೀನು, ನನಗೆ ಗೊತ್ತು, ಅದನ್ನೆಲ್ಲ ತೆಗೆದುಹಾಕು. ಡಿಸ್ಚಾರ್ಜ್ ಪೇಪರ್ ಜೊತೆಗಿಡು. ಫೋನಲ್ಲಿ ಯಾರಾದರೂ ಹೂಂ ಅಂದರೆ, ಅದನ್ನೇ ಇನ್ನೊಂದು ಮೇಲ್‌ನಲ್ಲಿ ಬರೆದು ಕಳಿಸು.

ಇನ್ನೊಂದು. ನಿನ್ನೆ ನಿನ್ನ ಧ್ವನಿ ಬರೀ ಹೊಟ್ಟೆನೋವಿನದಾಗಿ ಕೇಳಿಸಲಿಲ್ಲ. ನಿದ್ದೆ ಬರುತ್ತಿಲ್ಲ, ಯಾರೊಂದಿಗೂ ಮಾತು ಬೇಡ ಅನ್ನಿಸುತ್ತಿದ್ದರೆ ಅದನ್ನೂ ಡಾಕ್ಟರ್ ಹತ್ತಿರ ಹೇಳು. ಕ್ಯಾಂಪಸ್ಸಿನ ಕೌನ್ಸೆಲಿಂಗ್‌ಗೂ ಹೋಗಿ ಬಾ. ನನ್ನ ಹತ್ತಿರ ಹೇಳಬೇಕು ಅಂತಿಲ್ಲ, ಹೇಳಿದರೆ ಯಾವ ಹೊತ್ತಿಗಾದರೂ ಫೋನ್ ಎತ್ತುತ್ತೇನೆ.

ಮೇಲ್ ಬರೆದು ಕಳಿಸುವ ಮುಂಚೆ ನನಗೆ ತೋರಿಸು. ಇಂಗ್ಲಿಷ್ ತಿದ್ದಲು ನನಗೆ ಬರೋದಿಲ್ಲ, ಕ್ಷಮಿಸಿ ಅಂತ ಎಷ್ಟು ಸಲ ಬರೆದಿದ್ದೀಯ ಅಂತ ಮಾತ್ರ ಎಣಿಸುತ್ತೇನೆ.

ಅಮ್ಮ