ಹೋಂವರ್ಕ್ ತಿದ್ದುವುದನ್ನು ಬಿಡಿ, ಮಗು ಹೇಳೋದನ್ನು ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಮಕ್ಕಳ ಓದಿನ ಬಗ್ಗೆ ಹೆತ್ತವರಿಗೆ ಕಾಳಜಿಯೇ ಇಲ್ಲ. ನಾನು ಗಣಿತ ಶಿಕ್ಷಕಿ. ಈ ಮಾತನ್ನು ಸ್ಟಾಫ್ ರೂಮಿನಲ್ಲೂ ಕೇಳುತ್ತಿರುತ್ತೇನೆ, ಆದರೆ ಒಪ್ಪುವುದಿಲ್ಲ. ಕಾಳಜಿ ಇಲ್ಲದ ಅಪ್ಪ-ಅಮ್ಮಂದಿರನ್ನು ನಾನು ನೋಡಿದ್ದು ತೀರಾ ಕಡಿಮೆ. ಜಾಸ್ತಿ ನೋಡುವುದು ಬೇರೆ ಎರಡು ಥರದವರನ್ನು. ಒಂದು, ಚೆನ್ನಾಗಿ ಓದಿಕೊಂಡವರು, ಸಂಜೆಯೆಲ್ಲ ಮಗುವಿನ ಪಕ್ಕ ಕೂತು ಹೋಂವರ್ಕಿನ ಒಂದೊಂದು ಸಾಲನ್ನೂ ತಿದ್ದುವವರು. ಇನ್ನೊಂದು, "ನಮಗೇನು ಗೊತ್ತಾಗುತ್ತೆ ಮಿಸ್, ನೀವೇ ನೋಡ್ಕೊಳ್ಳಿ" ಅಂತ ಕೈಮುಗಿದು ಹೋಗುವವರು. ಮೊದಲನೆಯವರು ಮಗು ಮಾಡಬೇಕಾದ ಕೆಲಸವನ್ನೂ ತಾವೇ ಮಾಡುತ್ತಿದ್ದಾರೆ, ಎರಡನೆಯವರು ತಮ್ಮಿಂದ ಏನೂ ಆಗುವುದಿಲ್ಲ ಅಂದುಕೊಂಡಿದ್ದಾರೆ. ಇಬ್ಬರಿಗೂ ಹೇಳಬೇಕಾದ ಮಾತು ಬಹಳ ದಿನದಿಂದ ಮನಸ್ಸಿನಲ್ಲಿತ್ತು, ಅದಕ್ಕೇ ಈ ಪತ್ರ.

ಮೊದಲು ಆ ತಿದ್ದಿದ ಪುಸ್ತಕದ ವಿಷಯ. ಮಗುವೊಂದು 1/2 + 1/3 = 2/5 ಅಂತ ಬರೆದುಕೊಂಡು ಬಂತು ಅನ್ನಿ. ನನಗೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ, ಭಿನ್ನರಾಶಿ ಅಂದರೆ ಏನು ಅನ್ನೋದೇ ಇನ್ನೂ ತಲೆಗೆ ಹೋಗಿಲ್ಲ. ಆಗ ನಾನು ಕೇಳುತ್ತೇನೆ: ಅರ್ಧಕ್ಕೆ ಇನ್ನೂ ಸ್ವಲ್ಪ ಸೇರಿಸಿದೆ, ಆದರೆ ಬಂದ ಉತ್ತರ ಅರ್ಧಕ್ಕಿಂತ ಕಡಿಮೆ ಇದೆ, ಅದು ಹೇಗೆ? ಮಗು ಒಂದು ನಿಮಿಷ ಸುಮ್ಮನಾಗುತ್ತದೆ, ಆಮೇಲೆ ಕಲಿಯುತ್ತದೆ. ಅದೇ ತಪ್ಪನ್ನು ಹಿಂದಿನ ರಾತ್ರಿಯೇ ಅಪ್ಪ ಅಳಿಸಿ 5/6 ಅಂತ ಬರೆಸಿದ್ದರೆ ನನ್ನ ಕೈಗೆ ಬರುವುದು ಒಂದು ಚೊಕ್ಕ ಪುಸ್ತಕ. ಸರಿ ಅಂತ ಗುರುತು ಹಾಕಿ ಮುಂದೆ ಹೋಗುತ್ತೇನೆ. ಪರೀಕ್ಷೆಯಲ್ಲಿ ಆ ಮಗು ಮತ್ತೆ 2/5 ಅಂತಲೇ ಬರೆಯುತ್ತದೆ, ಆಗ ಮನೆಯವರಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಹೋಂವರ್ಕ್ ಪುಸ್ತಕದಲ್ಲಿನ ತಪ್ಪು ಮಗುವಿಗೆ ಅವಮಾನ ಅಲ್ಲ. ಎಲ್ಲಿಂದ ಮತ್ತೆ ಹೇಳಿಕೊಡಬೇಕು ಅನ್ನೋದು ನಮಗೆ ತಿಳಿಯುವುದೇ ಅದರಿಂದ. ದಯವಿಟ್ಟು ಅದನ್ನು ಅಳಿಸಬೇಡಿ.

ಇದು ನನ್ನೊಬ್ಬಳ ಅಭಿಪ್ರಾಯ ಅಂದುಕೊಳ್ಳಬೇಡಿ. 2009ರಲ್ಲಿ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಸಂಶೋಧಕಿಯರು, ಪ್ರಾಥಮಿಕ ಶಾಲೆ ಮುಗಿಸಿ ಮುಂದಿನ ಹಂತಕ್ಕೆ ಬಂದ ಮಕ್ಕಳ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆತ್ತವರು ಮಾಡುವ ಬೇರೆ ಎಲ್ಲ ಕೆಲಸವೂ ಹೆಚ್ಚುಕಡಿಮೆ ಮಕ್ಕಳ ಕಲಿಕೆಯ ಪರವಾಗಿಯೇ ಇತ್ತು, ಹೋಂವರ್ಕಿಗೆ ಸಹಾಯ ಮಾಡುವುದೊಂದನ್ನು ಬಿಟ್ಟು. ಇದರಲ್ಲಿ ಒಂದು ತೊಡಕಿದೆ, ಅದನ್ನೂ ಹೇಳಬೇಕು: ಹಿಂದೆ ಬಿದ್ದ ಮಗುವಿಗೇ ಮನೆಯವರು ಜಾಸ್ತಿ ಸಹಾಯ ಮಾಡುತ್ತಾರೆ, ಹಾಗಾಗಿ ಸಹಾಯ ಮಾಡಿದ್ದರಿಂದಲೇ ಅಂಕ ಇಳಿಯಿತು ಅಂತ ನೇರವಾಗಿ ಹೇಳಲಾಗದು. ಆದರೂ 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಯೋಚನೆಗೆ ಹಚ್ಚುತ್ತದೆ. ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಅವರ ಜೊತೆಗಾರರು 1 ಮತ್ತು 2ನೇ ತರಗತಿಯ ಮಕ್ಕಳನ್ನು ಒಂದು ಶೈಕ್ಷಣಿಕ ವರ್ಷ ಪೂರ್ತಿ ಗಮನಿಸಿದರು. ಗಣಿತ ಕಂಡರೆ ತಾವೇ ಹೆದರುವ ಅಪ್ಪ-ಅಮ್ಮ ಪದೇ ಪದೇ ಹೋಂವರ್ಕ್ ಮಾಡಿಸಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಕಡಿಮೆ ಗಣಿತ ಕಲಿತಿದ್ದರು, ಗಣಿತದ ಭಯವೂ ಹೆಚ್ಚಿತ್ತು. ಅಷ್ಟೇ ಹೆದರುವ ಹೆತ್ತವರು ಅಷ್ಟಾಗಿ ಸಹಾಯಕ್ಕೆ ಹೋಗದ ಮನೆಗಳಲ್ಲಿ ಹೀಗಾಗಲಿಲ್ಲ. "ಇಷ್ಟೂ ಬರಲ್ವಾ ನಿನಗೆ" ಅಂತ ರೇಗುವಾಗ, "ನನಗೂ ಲೆಕ್ಕ ಅಂದರೆ ಆಗ್ತಿರಲಿಲ್ಲ ಬಿಡು" ಅಂತ ಸಮಾಧಾನ ಮಾಡುವಾಗ, ನಮ್ಮ ಭಯ ಮಗುವಿಗೂ ದಾಟುತ್ತದೆ.

ಈಗ ಎರಡನೆಯವರ ವಿಷಯ, ನನ್ನ ಮನಸ್ಸಿಗೆ ಹತ್ತಿರವಾದದ್ದು.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಮ್ಮ ಪ್ರಾಥಮಿಕ ಶಾಲೆ ದಾಟಿದವರಲ್ಲ. ಈ ಹುಡುಗಿ ಬೆಳಗ್ಗೆ ಬಂದ ಕೂಡಲೇ ಒಂದು ಪ್ರಶ್ನೆ ಕೇಳುತ್ತಿದ್ದಳು, ಅದೂ ಸುಮ್ನೆ "ಅರ್ಥ ಆಗಲಿಲ್ಲ" ಅಂತಲ್ಲ. ಸಮೀಕರಣದ ಈ ಕಡೆಯ ಸಂಖ್ಯೆ ಆ ಕಡೆ ಹೋದಾಗ ಕೂಡುವುದು ಕಳೆಯುವುದು ಯಾಕೆ ಆಗುತ್ತೆ, ಅಂಥ ಪ್ರಶ್ನೆ. ಎಲ್ಲಿಂದ ಬರುತ್ತೆ ಇದು ಅಂತ ವಿಚಾರಿಸಿದೆ. ಅಮ್ಮ ಸಂಜೆ ಕೆಲಸ ಮಾಡುತ್ತಲೇ "ಇವತ್ತು ಏನು ಕಲಿತೆ, ನನಗೂ ಹೇಳು" ಅನ್ನುತ್ತಾರಂತೆ. ಮಗಳು ಹೇಳುತ್ತಾ ಹೇಳುತ್ತಾ ಎಲ್ಲೋ ಒಂದು ಕಡೆ ನಿಂತುಬಿಡುತ್ತಾಳೆ. ಆಗ ಅಮ್ಮ, "ಸರಿ, ನಾಳೆ ಮಿಸ್ ಹತ್ರ ಕೇಳ್ಕೊಂಡು ಬಾ, ಬಂದು ನನಗೆ ಹೇಳು" ಅನ್ನುತ್ತಾರೆ. ಅಷ್ಟೇ. ಆ ತಾಯಿಗೆ ಸಮೀಕರಣ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಇನ್ನೊಬ್ಬರಿಗೆ ಬಿಡಿಸಿ ಹೇಳಲು ಹೊರಟಾಗಲೇ ನಮಗೆ ಎಷ್ಟು ಗೊತ್ತಿಲ್ಲ ಅನ್ನೋದು ಗೊತ್ತಾಗೋದು, ಅಲ್ವಾ? ದುಬಾರಿ ಟ್ಯೂಷನ್‌ಗೆ ಹೋಗುವ ಎಷ್ಟೋ ಮಕ್ಕಳಿಗೆ ಹೀಗೆ ಕೂತು ಕೇಳುವವರು ಯಾರೂ ಇಲ್ಲ.

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ತಂಡ ಲಕ್ಷಗಟ್ಟಲೆ ವಿದ್ಯಾರ್ಥಿಗಳ ಸಮೀಕ್ಷೆ ಮಾಡಿ, ಶಾಲೆಯ ಕಟ್ಟಡ-ಸಲಕರಣೆಗಳ ವ್ಯತ್ಯಾಸಕ್ಕಿಂತ ಮನೆಯ ಹಿನ್ನೆಲೆಯೇ ಮಕ್ಕಳ ಕಲಿಕೆಯಲ್ಲಿ ಹೆಚ್ಚು ಎದ್ದು ಕಾಣುತ್ತದೆ ಅಂದಿತು. ಇದನ್ನು ಕೇಳಿದ ಬಡವರು, ಓದಿಲ್ಲದವರು, ಹಾಗಾದರೆ ನಮ್ಮ ಮಕ್ಕಳ ಕಥೆ ಮುಗೀತು ಅಂದುಕೊಂಡರೆ ತಪ್ಪಲ್ಲ. ಆದರೆ ಆಮೇಲೆ ಬಂದ ಅಧ್ಯಯನಗಳು ಬೇರೆ ಮಾತನ್ನೂ ಹೇಳಿವೆ. ಬೇರೆ ಬೇರೆ ದೇಶಗಳ ಮಕ್ಕಳ ಕಲಿಕೆಯನ್ನು ಹೋಲಿಸಿ ನೋಡುವ ಪೀಸಾ ಪರೀಕ್ಷೆಯಲ್ಲಿ 2009ರಲ್ಲಿ 15 ವರ್ಷದ ಮಕ್ಕಳ ಓದುವ ಸಾಮರ್ಥ್ಯ ಅಳೆದಾಗ, ಕೆಲವು ದೇಶಗಳಲ್ಲಿ ಹೆತ್ತವರಿಗೂ ಪ್ರಶ್ನೆ ಕೇಳಿದ್ದರು. ಮಗು ಶಾಲೆಗೆ ಸೇರಿದ ಮೊದಲ ವರ್ಷ ಅದರ ಜೊತೆ ಕೂತು ಪುಸ್ತಕ ಓದಿದವರ ಮಕ್ಕಳು, ಅಷ್ಟು ವರ್ಷ ಆದ ಮೇಲೂ ಮುಂದಿದ್ದರು. ಮನೆಯ ಹಣಕಾಸು, ಸ್ಥಿತಿಗತಿಯ ಲೆಕ್ಕ ತೆಗೆದು ನೋಡಿದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಓದಲು ಬರದವರು ಏನು ಮಾಡಬೇಕು ಅಂತ ಕೇಳಬಹುದು. ಮಗುವಿನ ಕೈಯಲ್ಲಿ ಓದಿಸಿ ಕೇಳಿ, ಚಿತ್ರ ನೋಡಿ ಕಥೆ ಕಟ್ಟಿ ಹೇಳಿ. ದೊಡ್ಡ ಮಕ್ಕಳ ವಿಷಯದಲ್ಲಿ ಹಿಲ್ ಮತ್ತು ಟೈಸನ್ ಕಂಡ ಅತಿ ಗಟ್ಟಿ ನಂಟು ಯಾವುದು ಗೊತ್ತಾ? ಓದು ಯಾಕೆ ಬೇಕು, ಮುಂದೆ ಏನಾಗಬೇಕು ಅಂತಿದ್ದೀಯ, ಅದಕ್ಕೆ ಏನು ಮಾಡಬೇಕು ಅಂತ ಮನೆಯಲ್ಲಿ ಮಾತಾಡುವುದು, ಮಗುವಿನ ಮೇಲೆ ಭರವಸೆ ಇಡುವುದು. ಇದಕ್ಕೆ ಯಾವ ಡಿಗ್ರಿ ಬೇಕು?

ಹೊಗಳುವ ವಿಷಯದಲ್ಲಿ ಒಂದೇ ಮಾತು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, "ನೀನು ಜಾಣ" ಅನ್ನಿಸಿಕೊಂಡ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು, "ಚೆನ್ನಾಗಿ ಕಷ್ಟಪಟ್ಟೆ" ಅನ್ನಿಸಿಕೊಂಡವರು ಬಿಡದೆ ಪ್ರಯತ್ನಿಸಿದರು. ಪಕ್ಕದ ಮನೆಯ ಮಗುವಿನ ಅಂಕದ ಜೊತೆ ಹೋಲಿಸುವುದರ ಬಗ್ಗೆ ನಾನು ಹೇಳುವುದೇ ಬೇಡ.

ಶಾಲೆಗಳಿಗೂ ಒಂದು ಮಾತು ಹೇಳಬೇಕು. ನಾವು ಹೆತ್ತವರನ್ನು ಕರೆಯುವುದು ಯಾವಾಗ? ಅಂಕ ಬಂದ ಮೇಲೆ, ಅಥವಾ ಹುಡುಗ ಗಲಾಟೆ ಮಾಡಿದ ಮೇಲೆ. ಕೆಲಸದ ಹೊತ್ತಿನಲ್ಲಿ ಸಭೆ ಇಟ್ಟು, ಬಾರದವರನ್ನು ಬೇಜವಾಬ್ದಾರಿ ಅನ್ನುತ್ತೇವೆ. ಅರ್ಧ ದಿನದ ಸಂಬಳ ಬಿಟ್ಟು ಬರಲಾಗದವರು ಬೇಜವಾಬ್ದಾರಿ ಹೇಗಾಗುತ್ತಾರೆ? ಲಾಸ್ ಏಂಜಲೀಸ್‌ನಲ್ಲಿ ಪೀಟರ್ ಬರ್ಗ್‌ಮನ್ ಎಂಬ ಅರ್ಥಶಾಸ್ತ್ರಜ್ಞ, ಮಗು ಯಾವ ವಿಷಯದ ಯಾವ ಕೆಲಸ ಒಪ್ಪಿಸಿಲ್ಲ ಅನ್ನೋದನ್ನು ಮನೆಯವರಿಗೆ ಮೆಸೇಜ್ ಕಳಿಸಿ ನೋಡಿದರು. ಬೈಗುಳ ಇಲ್ಲ, ಉಪದೇಶ ಇಲ್ಲ, ಬರೀ ಮಾಹಿತಿ. ಹೈಸ್ಕೂಲಿನ ಮಕ್ಕಳ ಗ್ರೇಡ್ ಮೇಲೆ ಬಂತು. ಇಷ್ಟು ಮಾಡಲು ನಮಗೆ ಬೇಕಾಗಿರುವುದು ಒಂದು ಫೋನು, ಒಂದಿಷ್ಟು ಮನಸ್ಸು. ಒಬ್ಬೊಬ್ಬ ಶಿಕ್ಷಕರ ಮೇಲೆ ಎಷ್ಟು ಮಕ್ಕಳ ಹೊರೆ ಇದೆ ಅನ್ನೋದು ನನಗೆ ಗೊತ್ತು, ಅದಕ್ಕೇ ಇದನ್ನು ಶಿಕ್ಷಕರ ತಲೆಗೆ ಕಟ್ಟದೆ ಆಡಳಿತ ಮಂಡಳಿಗಳೇ ವ್ಯವಸ್ಥೆ ಮಾಡಿಕೊಡಬೇಕು. ಮೆಸೇಜ್ ಅಮ್ಮನ ಫೋನಿಗೆ ಮಾತ್ರ ಹೋಗಬಾರದು, ಅಪ್ಪನ ಫೋನಿಗೂ ಹೋಗಬೇಕು.

ಹೆತ್ತವರು ಮುಂದಿನ ಸಲ ಶಾಲೆಗೆ ಬಂದಾಗ ಎಷ್ಟು ಅಂಕ, ಎಷ್ಟನೇ ರ‍್ಯಾಂಕ್ ಅಂತ ಕೇಳಬೇಡಿ, ಅದು ಹೇಗೂ ಕಾರ್ಡಿನಲ್ಲಿ ಇರುತ್ತದೆ. ನನ್ನ ಮಗು ಎಲ್ಲಿ ತಡವರಿಸುತ್ತಿದೆ, ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳುತ್ತಾ, ಮನೆಯಲ್ಲಿ ನಾನು ಏನು ಮಾಡಬಹುದು, ಏನು ಮಾಡಬಾರದು ಅಂತ ಕೇಳಿ. ಉತ್ತರ ಕೊಡಲು ನಮಗೆ ತಡವಾದರೆ ಬಿಡಬೇಡಿ, ಇನ್ನೊಮ್ಮೆ ಬಂದು ಕೇಳಿ.

ಇಂತಿ,
ಒಬ್ಬ ಗಣಿತ ಶಿಕ್ಷಕಿ