ಯಜಮಾನರ ನಂತರ ಅಂಗಡಿಯ ಗತಿ

ಮಾನ್ಯ ಸಂಪಾದಕರೇ,

ಸಿರಿವಂತ ಮನೆತನದ ವಾರಸುದಾರರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಅವರಿಗೆ ಎಷ್ಟು ಬಂತು ಎನ್ನುತ್ತವೆಯೇ ಹೊರತು ಹೇಗೆ ಬಂತು ಎನ್ನುವುದಿಲ್ಲ. ವ್ಯಾಪಾರ ಉಳಿಯುವುದೂ ಮುಳುಗುವುದೂ ಆ 'ಹೇಗೆ' ಎಂಬಲ್ಲೇ. ಅಜೀಂ ಪ್ರೇಮ್‌ಜಿ ಅವರನ್ನೇ ನೋಡಿ. 1966ರ ಆಗಸ್ಟ್‌ನಲ್ಲಿ ತಂದೆ ತೀರಿಕೊಂಡಾಗ ಅವರಿಗೆ 21 ವರ್ಷ. ಸ್ಟ್ಯಾನ್‌ಫರ್ಡ್‌ನ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಮಹಾರಾಷ್ಟ್ರದ ಅಮಳನೇರ್‌ನ ವನಸ್ಪತಿ ಕಾರ್ಖಾನೆಯ ಹೊಣೆ ಹೊತ್ತರು. ಅವರ ಜಾಣ್ಮೆಯನ್ನು ಎಲ್ಲರೂ ಕೊಂಡಾಡುತ್ತಾರೆ. ತಂದೆ 1945ರಲ್ಲಿ ಕಟ್ಟಿದ್ದು ಲಿಮಿಟೆಡ್ ಕಂಪನಿ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಷೇರುದಾರ ಹೋದರೂ ಕಂಪನಿ ಹೋಗದು. ಅದರ ಖಾತೆ, ಲೈಸೆನ್ಸು, ಕರಾರು ಮರುದಿನವೂ ಊರ್ಜಿತ.

ಚಿಕ್ಕಪೇಟೆಯ ಸೀರೆ ಅಂಗಡಿ, ಪೀಣ್ಯದ ಲೇತ್ ಶೆಡ್ಡು ಒಬ್ಬರ ಹೆಸರಿನಲ್ಲಿದ್ದರೆ ಹಾಗಲ್ಲ. ಮಾಲೀಕರ ಮರಣ ತಿಳಿದೊಡನೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ಕೊಟ್ಟ ಚೆಕ್ಕು ವಾಪಸು ಬರುತ್ತವೆ, ಕೆಲಸದವರ ಸಂಬಳ ನಿಲ್ಲುತ್ತದೆ. ಜಿಎಸ್‌ಟಿ ನೋಂದಣಿ ಅವರ ಪ್ಯಾನ್‌ಗೆ ಅಂಟಿಕೊಂಡದ್ದು, ಮಕ್ಕಳಿಗೆ ತಾನಾಗಿ ಬರದು. ವ್ಯಾಪಾರ ಮುಂದುವರಿಸುವವರು 30 ದಿನದೊಳಗೆ ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿಗೆ ಅರ್ಜಿ ಹಾಕಬೇಕು, ಕಾರಣದ ಜಾಗದಲ್ಲಿ 'ಮಾಲೀಕರ ಮರಣ' ಎಂದೇ ಆರಿಸಬೇಕು. ಅನಂತರ ಹಳೆಯ ನೋಂದಣಿಯಿಂದ ಸಿಎ ಪ್ರಮಾಣಪತ್ರದೊಂದಿಗೆ ಐಟಿಸಿ-02 ಎಂಬ ಫಾರಂ ಸಲ್ಲಿಸಿ, ಉಳಿದ ತೆರಿಗೆ ಕ್ರೆಡಿಟ್ಟನ್ನು (ಖರೀದಿಯ ಮೇಲೆ ಕಟ್ಟಿದ, ಮುಂದಿನ ತೆರಿಗೆಗೆ ವಜಾ ಮಾಡಿಕೊಳ್ಳಬಹುದಾದ ಜಿಎಸ್‌ಟಿ) ಹೊಸದಕ್ಕೆ ವರ್ಗಾಯಿಸಿ, ಹೊಸ ಲಾಗಿನ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಹಳೆಯದನ್ನು ರದ್ದು ಮಾಡುವುದು ಇಷ್ಟಾದ ಮೇಲೆ. ಗಾಬರಿಯಲ್ಲಿ ಮೊದಲು ರದ್ದು ಮಾಡಿಸಿದವರ ಕ್ರೆಡಿಟ್ಟು ಹಳೆಯ ಲೆಡ್ಜರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಾತು: ಹನ್ನೆರಡನೆಯ ದಿನ ಕಳೆಯುವ ಮೊದಲೇ ಯಜಮಾನರ ಸಿಮ್ ನಿಲ್ಲಿಸಿಬಿಡುತ್ತಾರೆ. ಇಲಾಖೆಯ ನೋಟಿಸು, ಸಂದೇಶ ಎಲ್ಲ ಬರುವುದು ಆ ನಂಬರಿಗೇ. ಮರಣ ಪ್ರಮಾಣಪತ್ರ ಕೊಟ್ಟು ಜಿಎಸ್‌ಟಿ ಅಧಿಕಾರಿಯಿಂದ ನಂಬರ್ ಬದಲಿಸುವ ತನಕ ಅದು ಚಾಲ್ತಿಯಲ್ಲಿರಲಿ. ಆದರೆ ಅದೇ ಫೋನ್ ಹಿಡಿದು ತೀರಿಕೊಂಡವರ ಖಾತೆಯಿಂದ ಹಣ ತೆಗೆಯಲು ಹೋಗಬೇಡಿ, ಅದು ಅಪರಾಧ.

ಅಪ್ಪ–ಮಗ ಇಬ್ಬರೇ ಇರುವ ಪಾಲುದಾರಿಕೆಯಲ್ಲಿ ಅಪಾಯ ಇನ್ನೂ ಮರೆಯಲ್ಲಿದೆ. 1932ರ ಪಾಲುದಾರಿಕೆ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಒಬ್ಬರು ಸತ್ತೊಡನೆ ಫರ್ಮು ವಿಸರ್ಜನೆ. ಇರುವವರೇ ಇಬ್ಬರಾದರೆ ಷರತ್ತು ಬರೆದಿದ್ದರೂ ಪ್ರಯೋಜನವಿಲ್ಲ, ಒಬ್ಬರೇ ಉಳಿದ ಮೇಲೆ ಪಾಲುದಾರಿಕೆ ಎಲ್ಲಿಯದು? ಯಜಮಾನರು ಗಟ್ಟಿಯಾಗಿರುವಾಗಲೇ ತಾಯಿಯನ್ನೋ ಮಗಳನ್ನೋ ಮೂರನೆಯ ಪಾಲುದಾರರಾಗಿ ಸೇರಿಸಿ, ಷರತ್ತು ಬರೆಸಿ, ಬದಲಾವಣೆಯನ್ನು ಫರ್ಮುಗಳ ರಿಜಿಸ್ಟ್ರಾರರಲ್ಲಿ ದಾಖಲಿಸಬೇಕು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ಯಜಮಾನರು ಸಹಿ ಹಾಕಿದ್ದನ್ನು ನೋಡಿ, ಅವರೆದುರಿಗೇ ತಾವೂ ಹಾಕಬೇಕು. ಓರಗೆಯ ಗೆಳೆಯರನ್ನು ಸಾಕ್ಷಿ ಮಾಡಿಕೊಂಡರೆ ನ್ಯಾಯಾಲಯದಲ್ಲಿ ಹೇಳಬೇಕಾದ ಹೊತ್ತಿಗೆ ಅವರೇ ಇರುವುದಿಲ್ಲ. ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನಷ್ಟೇ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಅದರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲಿದೆ, ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಖಚಿತಪಡಿಸಿದೆ. ಬ್ಯಾಂಕಿನಲ್ಲೋ ಷೇರಿನಲ್ಲೋ ನಾಮಿನಿ ಆದವರು ಒಡೆಯರಲ್ಲ, ವಾರಸುದಾರರ ಪರವಾಗಿ ಕೈನೀಡಿ ಪಡೆಯುವವರು. ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುವುದು ಹೆಚ್ಚಾಗಿ ಈ ಒಂದು ತಪ್ಪು ತಿಳಿವಳಿಕೆಯಿಂದ.

ಕಾಗದಕ್ಕೇ ಬಾರದ ಆಸ್ತಿ ಬಾಕಿ ಬರಬೇಕಾದ ಹಣ. ಯಾವ ಊರಿನ ಅಂಗಡಿಗೆ ಎಷ್ಟು ಮಾಲು ಸಾಲ ಹೋಗಿದೆ ಎಂಬುದು ಯಜಮಾನರ ತಲೆಯಲ್ಲೇ ಇರುತ್ತದೆ. ಅವರು ಹೋದ ಮೇಲೆ ಮಗ ಕೇಳಿದರೆ, "ನಿಮ್ಮಪ್ಪನ ಕೈಗೇ ಕೊಟ್ಟಾಯ್ತಲ್ಲ" ಎನ್ನುತ್ತಾರೆ. ಗಡುವು ಗೊತ್ತುಮಾಡದೆ ಕೊಟ್ಟ ಮಾಲಿನ ಬಾಕಿಗೆ ದಾವೆ ಹೂಡಲು ಮಾಲು ಕೊಟ್ಟ ದಿನದಿಂದ 3 ವರ್ಷ ಮಾತ್ರ ಅವಕಾಶ. ಪ್ರತಿ ಮಾರ್ಚ್ 31ಕ್ಕೆ "ಇಷ್ಟು ಬಾಕಿ ಇದೆ" ಎಂಬ ಒಂದು ಸಾಲಿನ ಚೀಟಿಗೆ ಗಿರಾಕಿಯ ಸಹಿ, ತಾರೀಖು, ಮೊಹರು ಹಾಕಿಸಿ. ಅವಧಿ ಮುಗಿಯುವ ಮೊದಲು ಬಿದ್ದ ಆ ಸಹಿಯಿಂದ 3 ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಚೀಟಿಗಳ ಫೈಲು ಎಲ್ಲಿದೆ ಎಂಬುದು ಮಕ್ಕಳಿಗೂ ಗೊತ್ತಿರಲಿ.

— ತೆರಿಗೆ ಸಲಹೆಗಾರರು, ಬಸವನಗುಡಿ, ಬೆಂಗಳೂರು