ಡ್ಯೂಟಿಗೆ ಹೋಗುವಾಗ ಮಕ್ಕಳೂ ಜೊತೆಗಿದ್ದರೆ ಎಲ್ಲಿ ಉಳಿಯೋದು?

ಸಂಪಾದಕರೇ, ನಮಸ್ಕಾರ.

ಸಾಗರ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ನಾನು ಉಪನ್ಯಾಸಕಿ. 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆಗಿದೆ. ವಿದ್ಯಾರ್ಥಿಗಳಿಗೆ ಒಳ್ಳೆಯದೇ ಆಯ್ತು, ನನಗೇನೂ ತಕರಾರಿಲ್ಲ. ಆದರೆ ಹೆಚ್ಚು ಪರೀಕ್ಷೆ ಅಂದರೆ ಹೆಚ್ಚು ಸಲ ಮೌಲ್ಯಮಾಪನ. ಅದರಲ್ಲಿ ಎರಡನೆಯದು ಬರುವುದು ಮೇ ತಿಂಗಳಲ್ಲಿ, ಸರಿಯಾಗಿ ನಮ್ಮ ಮಕ್ಕಳಿಗೆ ಶಾಲೆ ರಜಾ ಇರುವಾಗ.

ಕಳೆದ ಮೇನಲ್ಲಿ ನನಗೆ ಬೆಂಗಳೂರಿಗೆ ಆದೇಶ ಬಂತು. ಎಂಟು ದಿನದ ಕೆಲಸ. ಮೌಲ್ಯಮಾಪನ ಕೇಂದ್ರದ ವಿಳಾಸ ಇತ್ತು, ಹಾಜರಾಗಬೇಕಾದ ಹೊತ್ತು ಇತ್ತು, ತಪ್ಪಿದರೆ ಶಿಸ್ತು ಕ್ರಮ ಅನ್ನುವ ಸಾಲೂ ಇತ್ತು. ಉಳಿಯೋದು ಎಲ್ಲಿ ಅನ್ನೋದು ಮಾತ್ರ ಇರಲಿಲ್ಲ.

ನನಗೆ ಇಬ್ಬರು ಮಕ್ಕಳು. ಮಗನಿಗೆ ಒಂಬತ್ತು, ಮಗಳಿಗೆ ನಾಲ್ಕು. ಮನೆಯವರದ್ದು ಗೋವಾದಲ್ಲಿ ಕೆಲಸ, ತಿಂಗಳಿಗೆ ಎರಡು ಸಲ ಬರುತ್ತಾರೆ. ಮಕ್ಕಳನ್ನು ಅತ್ತೆ ಹತ್ತಿರ ಬಿಟ್ಟು ಹೋಗಬಹುದಿತ್ತಲ್ಲ ಅಂತ ಎಲ್ಲರೂ ಕೇಳಿದರು. ನಮ್ಮದು ತೋಟದ ಮನೆ. ಮಗಳಿಗೆ ಮೋಡ ಕವಿದರೆ ಸಾಕು, ಉಬ್ಬಸ. ರಾತ್ರಿ ಎರಡು ಗಂಟೆಗೆ ನೆಬ್ಯುಲೈಸರ್ ಹಾಕೋದು ಎಪ್ಪತ್ತು ವರ್ಷದ ಅತ್ತೆಗೆ ಬರೋದಿಲ್ಲ. ಮಕ್ಕಳ ಪಾಲನೆಗೆ ಅಂತ ಸರ್ಕಾರಿ ನೌಕರಿಯ ಹೆಂಗಸರಿಗೆ 180 ದಿನ ರಜೆ ಇದೆ, ನಿಜ. ಮೌಲ್ಯಮಾಪನದ ಆದೇಶ ಕೈಗೆ ಬಂದ ಮೇಲೆ ಆ ರಜೆ ಕೇಳಿ ನೋಡಿ, ಪ್ರಿನ್ಸಿಪಾಲರ ಮುಖ ಹೇಗಾಗುತ್ತೆ ಅಂತ ಗೊತ್ತಾಗುತ್ತೆ. ಅದೂ ಅಲ್ಲದೆ ನನಗೆ ಹೋಗಬೇಕಿತ್ತು. ಪತ್ರಿಕೆ ತಿದ್ದೋದು ನನ್ನ ಕೆಲಸ, ಅದನ್ನು ನಾನು ಚೆನ್ನಾಗಿ ಮಾಡುತ್ತೇನೆ. ಕೊನೆಗೆ ಅತ್ತೆ ‘ನಾನೂ ಬರ್ತೀನಿ ನಡಿ’ ಅಂದರು. ನಾಲ್ಕೂ ಜನ ಹೊರಟೆವು.

ಹೊರಡುವ ಮೊದಲು ಹದಿನೈದು ದಿನ ಫೋನ್ ಮಾಡಿದ್ದೇ ಮಾಡಿದ್ದು. ಮೊದಲು ಲೇಡೀಸ್ ಪಿಜಿಗಳು. ನನ್ನ ಸಹೋದ್ಯೋಗಿಗಳು ಹೆಚ್ಚಿನವರು ಅಲ್ಲೇ ಉಳಿಯೋದು. ಒಂದು ಕಡೆ ಮಕ್ಕಳೇ ಬೇಡ ಅಂದರು. ಇನ್ನೊಂದು ಕಡೆ ಹೆಣ್ಣುಮಗು ಪರವಾಗಿಲ್ಲ, ಗಂಡಸರಿಗೆ ಪ್ರವೇಶ ಇಲ್ಲ ಅಂದರು. ಗಂಡಸು ಅಂದರೆ ನನ್ನ ಮಗ. ಅವನಿಗೆ ಇನ್ನೂ ಶೂ ಲೇಸ್ ಕಟ್ಟಿಕೊಳ್ಳೋಕೆ ಬರಲ್ಲ.

ಸರ್ವಿಸ್ ಅಪಾರ್ಟ್‌ಮೆಂಟ್ ಕೇಳಿದೆ, ಕನಿಷ್ಠ ಒಂದು ತಿಂಗಳು ಅಂದರು. ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿ 48 ಗಂಟೆಗಿಂತ ಜಾಸ್ತಿ ಸಿಗಲ್ಲ. ‘ಬೆಂಗಳೂರಲ್ಲಿ ನೆಂಟರಿಲ್ವಾ?’ ಅಂತ ಕೇಳದವರೇ ಇಲ್ಲ. ಇದ್ದಾರೆ. ಚಿಕ್ಕಪ್ಪನ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಬೆಡ್‌ರೂಮಿನ ಮನೆಯಲ್ಲಿದ್ದಾನೆ. ನನ್ನ ಕೇಂದ್ರ ಮಲ್ಲೇಶ್ವರದ ಕಡೆ. ದಿನಾ ಆ ದೂರ ಹೋಗಿ ಬಂದರೆ ಉತ್ತರಪತ್ರಿಕೆ ಮೇಲೆ ತಲೆ ಇಟ್ಟು ಮಲಗಬೇಕಾಗುತ್ತೆ. ಅವನ ಹೆಂಡತಿಗೂ ಕೆಲಸ ಇದೆ. ನಾಲ್ಕು ಜನ ಎಂಟು ದಿನ ಹೋಗಿ ಕೂತರೆ ಆ ಹುಡುಗಿ ಬಾಯಿಬಿಟ್ಟು ಏನೂ ಹೇಳಲ್ಲ, ಅದಕ್ಕೇ ಹೋಗಬಾರದು ಅನ್ನಿಸಿತು.

ಕೊನೆಗೆ ಆ್ಯಪಿನಲ್ಲಿ ಒಂದು ಲಾಡ್ಜ್ ಬುಕ್ ಮಾಡಿದೆ. ಫೋಟೋದಲ್ಲಿ ‘ಫ್ಯಾಮಿಲಿ ರೂಮ್’ ಅಂತಿತ್ತು. ರಾತ್ರಿ ರೈಲು ಹತ್ತಿ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದೆವು. ಲಾಡ್ಜಿಗೆ ಹೋದರೆ ಚೆಕ್ ಇನ್ ಮಧ್ಯಾಹ್ನ 12ಕ್ಕೆ ಅಂದರು. ಮಗಳು ಸೋಫಾ ಮೇಲೆ, ಮಗ ಬ್ಯಾಗಿನ ಮೇಲೆ ನಿದ್ದೆ. ಕೌಂಟರಿನ ಹುಡುಗ ಎಲ್ಲರ ಆಧಾರ್ ಕೇಳಿದ. ಮಗಳ ನೀಲಿ ಬಾಲ ಆಧಾರ್ ಕೊಟ್ಟೆ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ನೋಡಿ ‘ಯಜಮಾನರು ಬರಲ್ವಾ ಮೇಡಂ? ಅವರ ನಂಬರ್ ಕೊಡಿ’ ಅಂದ. ನಾನು ಡ್ಯೂಟಿ ಆದೇಶ ತೆಗೆಯೋದರೊಳಗೆ ಅತ್ತೆ ಎದ್ದು ಬಂದರು. ‘ಮನೆಗೆ ಯಜಮಾನಿ ನಾನೇ. ನನ್ನ ನಂಬರ್ ಬರ್ಕೊಳಪ್ಪ’ ಅಂದರು. ಅವನು ಬರೆದುಕೊಂಡ.

ಫ್ಯಾಮಿಲಿ ರೂಮ್ ಅಂದರೆ ಒಂದು ಡಬಲ್ ಕಾಟ್, ಗೋಡೆಗೆ ಒರಗಿಸಿದ ಒಂದು ಎಕ್ಸ್‌ಟ್ರಾ ಬೆಡ್. ಬಾಡಿಗೆ 1,400, ಬೆಡ್ಡಿಗೆ 300, ಐದು ವರ್ಷ ದಾಟಿದ ಮಗು ಅಂತ ಮಗನಿಗೆ ಇನ್ನೊಂದು 200. ಬೆಡ್ ಹಾಸಿದರೆ ಬಚ್ಚಲಿನ ಬಾಗಿಲು ತೆಗೆಯೋಕೆ ಆಗಲ್ಲ. ಕಿಟಕಿ ಇತ್ತು, ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಪ್ಲಗ್ ಪಾಯಿಂಟ್ ಒಂದೇ ಒಂದು, ಟಿವಿ ಹಿಂದೆ. ಎರಡನೇ ರಾತ್ರಿ ಮಗಳಿಗೆ ಉಬ್ಬಸ ಬಂದಾಗ ನೆಬ್ಯುಲೈಸರ್ ವೈರು ಮಂಚದ ತನಕ ಬರಲಿಲ್ಲ. ಅವಳನ್ನು ಎತ್ತಿಕೊಂಡು ಟಿವಿ ಕೆಳಗೆ ನೆಲದ ಮೇಲೆ ಕೂತು ಹಾಕಿದೆ. ಅದೇ ರಾತ್ರಿ ಮಗ ಮಂಚದಿಂದ ಬಿದ್ದ, ಅದು ಬೇರೆ. ಬಿಸಿನೀರು ಬೆಳಿಗ್ಗೆ 6ರಿಂದ 8. ಬಾಗಿಲ ಹಿಂದೆ ‘ರೂಮಿನಲ್ಲಿ ಬಟ್ಟೆ ಒಗೆಯಬಾರದು’ ಅಂತ ಚೀಟಿ. ನಾಲ್ಕು ವರ್ಷದ ಮಗು ಇರುವಲ್ಲಿ ಬಟ್ಟೆ ಒಗೆಯದೆ ಹೇಗಿರೋದು? ಕದ್ದು ಒಗೆದು ಕರ್ಟನ್ ಕಂಬಿಗೆ ಒಣಹಾಕುತ್ತಿದ್ದೆವು.

ನಾನು ಬೆಳಿಗ್ಗೆ ಹೋದರೆ ಬರೋದು ಸಂಜೆ. ಅತ್ತೆ ಎರಡು ಮಕ್ಕಳನ್ನು ಇಟ್ಟುಕೊಂಡು ಆ ರೂಮಿನಲ್ಲಿ. ಊಟಕ್ಕೆ ಮೂರು ಮಹಡಿ ಇಳಿದು ರಸ್ತೆ ದಾಟಬೇಕು. ಮೂರನೇ ದಿನ ನಾನು ಬಂದಾಗ ಅತ್ತೆ ಏನೂ ದೂರಲಿಲ್ಲ. ‘ಈ ಊರಲ್ಲಿ ಬೆಳಕು ಎಷ್ಟು ಹೊತ್ತಿಗೆ ಆಗುತ್ತೆ, ಗೊತ್ತೇ ಆಗಲ್ಲ’ ಅಂದರು ಅಷ್ಟೆ. ಅವತ್ತೇ ಬೇರೆ ಜಾಗ ಹುಡುಕಲು ಹೊರಟೆ.

ಅದೇ ಬಡಾವಣೆಯ ಒಳರಸ್ತೆಯಲ್ಲಿ ಒಂದು ಹಳೇ ಲಾಡ್ಜ್ ಸಿಕ್ಕಿತು. ಲಿಫ್ಟ್ ಇಲ್ಲ, ಎಸಿ ಇಲ್ಲ, ಆ್ಯಪಿನಲ್ಲೂ ಇಲ್ಲ. ವಯಸ್ಸಾದ ಮಾಲೀಕರು ಮಕ್ಕಳನ್ನು ನೋಡಿ ‘ಮಂಚ ತೆಗೆಸ್ತೀನಮ್ಮ, ನಾಲ್ಕು ಹಾಸಿಗೆ ನೆಲಕ್ಕೆ ಹಾಕಿಸ್ತೀನಿ. ಬೀಳೋ ಚಿಂತೆ ಇರಲ್ಲ’ ಅಂದರು. ಕೆಳಗಿನ ರೂಮು, ಹೊರಗೆ ಒಂದು ತುಳಸಿ ಕಟ್ಟೆ, ಬಟ್ಟೆಗೆ ಹಗ್ಗ. ರಾತ್ರಿ ಹಾಲು ಬಿಸಿ ಮಾಡಿಕೊಡೋಕೆ ಹುಡುಗನಿಗೆ ಹೇಳಿದ್ದರು. ಬಾಡಿಗೆ ಒಂಬೈನೂರು. ಉಳಿದ ಐದು ದಿನ ನಾನು ನೆಮ್ಮದಿಯಾಗಿ ಪತ್ರಿಕೆ ತಿದ್ದಿದೆ. ಭಾನುವಾರ ಮಕ್ಕಳನ್ನು ಕಬ್ಬನ್ ಪಾರ್ಕಿನ ಬಾಲಭವನಕ್ಕೂ ಕರೆದುಕೊಂಡು ಹೋದೆ.

ಆ ಲಾಡ್ಜ್ ಸಿಕ್ಕಿದ್ದು ನನ್ನ ಅದೃಷ್ಟ. ಸರ್ಕಾರಿ ಡ್ಯೂಟಿಗೆ ಬಂದವಳು ಅದೃಷ್ಟ ನಂಬಿಕೊಂಡು ಬರಬೇಕಾ? ಮಕ್ಕಳಿರುವವರಿಗೆ ಬೇಕಿರೋದು ದೊಡ್ಡ ಹೋಟೆಲ್ ಅಲ್ಲ. ಅಗಲ ನೆಲ, ಒಂದು ಕಿಟಕಿ, ಹೊತ್ತಿಲ್ಲದ ಹೊತ್ತಿನಲ್ಲೂ ಬಿಸಿನೀರು. ದೇವಸ್ಥಾನಗಳ ವಸತಿಗೃಹದವರಿಗೆ ಇದು ಗೊತ್ತು. ಧರ್ಮಸ್ಥಳಕ್ಕೆ ಹೋಗುವವರು ಮಕ್ಕಳು ಮರಿ ಕಟ್ಟಿಕೊಂಡೇ ಹೋಗುತ್ತಾರೆ, ಅಲ್ಲಿ ಯಾರೂ ಯಾಕೆ ಅಂತ ಕೇಳಲ್ಲ. ಇದೇ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿ ನೂರು ವರ್ಷದ ಮೇಲಾಯ್ತು. ಊರಿಂದ ಬಂದವರಿಗೆ ತಂಗಲು ಜಾಗ ಬೇಕು ಅಂತ ಒಬ್ಬ ವ್ಯಾಪಾರಿಗೆ ಅವತ್ತೇ ಹೊಳೆದಿತ್ತು. ಡ್ಯೂಟಿ ಆದೇಶ ಬರೆಯುವವರ ಕಣ್ಣಿಗೆ ಮಾತ್ರ ನೌಕರ ಅಂದರೆ ಒಂದು ಸೂಟ್‌ಕೇಸ್ ಹಿಡಿದ ಒಂಟಿ ಗಂಡಸು.

ಹಾಗಂತ ಹೊಸ ಕಟ್ಟಡ ಕಟ್ಟಿ ಅಂತ ನಾನು ಕೇಳ್ತಿಲ್ಲ. ಮೇ ತಿಂಗಳಲ್ಲಿ ಎಷ್ಟೋ ವಿದ್ಯಾರ್ಥಿ ಹಾಸ್ಟೆಲ್‌ಗಳು ಖಾಲಿ ಬಿದ್ದಿರುತ್ತವೆ. ಕೇಂದ್ರದ ಹತ್ತಿರದ ಒಂದು ಹಾಸ್ಟೆಲ್ಲಿನ ಕೆಳಮಹಡಿಯನ್ನು ಮಕ್ಕಳ ಜೊತೆ ಬರುವವರಿಗೆ ಬಿಟ್ಟುಕೊಡಬಹುದು. ಬಾಡಿಗೆ ತಗೊಳ್ಳಲಿ, ಸುಮ್ನೆ ಬೇಡ. ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ಲುಗಳಿಗೆ ಕೇಂದ್ರ ಸರ್ಕಾರದ ‘ಸಖಿ ನಿವಾಸ’ ಯೋಜನೆ ಇದೆ. ಅದರ ನಿಯಮದಲ್ಲಿ ತಾಯಿ ಜೊತೆ 18 ವರ್ಷದವರೆಗಿನ ಹೆಣ್ಣುಮಕ್ಕಳು, 12 ವರ್ಷದವರೆಗಿನ ಗಂಡುಮಕ್ಕಳು ಇರಬಹುದು. ನನ್ನ ಮಗನನ್ನು ಗಂಡಸು ಅಂದ ಪಿಜಿಯವರಿಗಿಂತ ಆ ನಿಯಮ ಬರೆದವರಿಗೆ ಮಕ್ಕಳ ಪರಿಚಯ ಚೆನ್ನಾಗಿದೆ. ಅಂಥ ಕಡೆ ನಾಲ್ಕು ಕೋಣೆಗಳನ್ನು ಎಂಟು ಹತ್ತು ದಿನದ ಡ್ಯೂಟಿಗೆ ಬರುವವರಿಗೆ ಅಂತ ಮೀಸಲಿಟ್ಟರೆ ಆಯ್ತು. ನಮ್ಮ ಮೌಲ್ಯಮಾಪನ ಕ್ಯಾಂಪಿನಲ್ಲಿ ಹೆಂಡತಿ ತೀರಿಕೊಂಡ ಒಬ್ಬರು ಏಳು ವರ್ಷದ ಮಗಳ ಜೊತೆ ಬಂದಿದ್ದರು. ಮಹಿಳಾ ಹಾಸ್ಟೆಲ್ ಅಂದರೆ ಅವರಿಗೆ ಜಾಗ ಸಿಗಲ್ಲ, ಅದೂ ನೆನಪಿರಲಿ.

ಹಗಲು ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆಯೂ ಬೇಕು. 50 ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ನೋಡಬಹುದು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿ ಆಯ್ತು. ಕೂಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಹಳ್ಳಿಯಲ್ಲಿ ಪಂಚಾಯಿತಿಯವರು ‘ಕೂಸಿನ ಮನೆ’ ನಡೆಸುತ್ತಾರೆ. ರಾಜಧಾನಿಯಲ್ಲಿ ನೂರಾರು ಜನ ಕೂತು ಪತ್ರಿಕೆ ತಿದ್ದುವ ಕಾಲೇಜಿನಲ್ಲಿ, ಅದೂ ಖಾಲಿ ತರಗತಿಗಳೇ ತುಂಬಿರುವಲ್ಲಿ, ಒಂದು ಚಾಪೆ ಹಾಸಿ ಒಬ್ಬ ಆಯಾ ಇಡೋದು ಅಷ್ಟು ಕಷ್ಟವಾ?

ಇದೂ ಆಗದಿದ್ದರೆ ಆದೇಶದ ಕೊನೆಗೆ ಎರಡು ಸಾಲು ಸೇರಿಸಲಿ. ಕೇಂದ್ರದ ಸುತ್ತ ಮಕ್ಕಳ ಜೊತೆ ಉಳಿಯಬಹುದಾದ ನಾಲ್ಕು ಜಾಗಗಳ ಹೆಸರು, ಫೋನ್ ನಂಬರ್. ಹಿಂದಿನ ವರ್ಷ ಬಂದವರನ್ನು ಕೇಳಿದರೆ ಅರ್ಧ ದಿನದಲ್ಲಿ ಪಟ್ಟಿ ತಯಾರಾಗುತ್ತೆ. ಆ ಹಳೇ ಲಾಡ್ಜಿನ ನಂಬರ್ ನಾನೇ ಕೊಡುತ್ತೇನೆ.

ಈ ವರ್ಷವೂ ಮೇನಲ್ಲಿ ಆದೇಶ ಬರುತ್ತದೆ. ಅತ್ತೆಗೆ ಮಾರ್ಚ್‌ನಲ್ಲಿ ಮಂಡಿ ಆಪರೇಷನ್ ಅಂತ ಡಾಕ್ಟರ್ ಹೇಳಿದ್ದಾರೆ, ಅವರು ಈ ಸಲ ಬರೋಕಾಗಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

– ಒಬ್ಬ ಉಪನ್ಯಾಸಕಿ, ಸಾಗರ ತಾಲ್ಲೂಕು